ಹಲ್ಲಿನ ಆಸ್ಪತ್ರೆಯಲ್ಲಿ ಗುಂಪು ಚರ್ಚೆ

ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಆ ಹೆಸರಿನಿಂದ ಕರೆದರೆ ಅವಳೇ ಹಿಂದೆ ತಿರುಗಿ ಯಾರೆಂದು ನೋಡುತ್ತಿದ್ದಳು. ಮನೆಯವರಿಗೆಲ್ಲ ಅವಳು ಅರಳು. ಎರಡು ವರ್ಷ ತುಂಬುವವರೆಗೆ ತುಟಿ ಬಿಚ್ಚದೆ ಎಲ್ಲರನ್ನೂ ಗಾಬರಿಗೊಳಿಸಿದ್ದ ಮಗು, ಒಂದು ದಿನ ಮಾತು ಶುರು ಮಾಡಿದ್ದೇ ತಡ, ಬಿಸಿ ಬಾಣಲೆಯಲ್ಲಿ ಅರಳು ಹುರಿದ ಹಾಗೆ ಪಟಪಟ ಸಿಡಿಯತೊಡಗಿತು. ಆಗ ಚಿಕ್ಕಮ್ಮ ಇಟ್ಟ ಹೆಸರು ಅದು. ಬಾಣಲೆ ಆಮೇಲೆ ಒಲೆಯಿಂದ ಇಳಿಯಲೇ ಇಲ್ಲ.

ಹಾಗೆ ನೋಡಿದರೆ ಆ ಮನೆಯಲ್ಲಿ ಯಾರೂ ಬಾಯಿ ಮುಚ್ಚಿಕೊಂಡವರಲ್ಲ. ಅಮ್ಮ ಮನೆಯಲ್ಲೇ ಪರದೆ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರದ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ, ಯಂತ್ರ ನಿಂತಿದ್ದಾಗಲೂ ಅವಳ ದನಿ ಕೆಳಗಿಳಿಯುತ್ತಿರಲಿಲ್ಲ. ಅಪ್ಪ ಲಿಫ್ಟ್ ರಿಪೇರಿಯವನು. ಮಧ್ಯದಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವಾಗ, ಕೆಲಸ ಮುಗಿಯುವವರೆಗೂ ಮೇಲಿನಿಂದ ಒಂದೇ ಸಮನೆ ಅವರನ್ನು ಮಾತಾಡಿಸುತ್ತಿದ್ದ. ಊಟಕ್ಕೆ ಕೂತರೆ ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು, ಒಬ್ಬರದು ಇನ್ನೊಬ್ಬರಿಗೆ ಕೇಳಿಸಿತೋ ಇಲ್ಲವೋ ಎಂದು ಯಾರೂ ತಲೆ ಕೆಡಿಸಿಕೊಂಡವರಲ್ಲ. ಊಟ ಮಾತ್ರ ಸೊಗಸಾಗಿ ಮುಗಿಯುತ್ತಿತ್ತು.

ಹತ್ತೊಂಬತ್ತನೇ ವಯಸ್ಸಿಗೆ ಅರಳು ಹಲ್ಲಿನ ಡಾಕ್ಟರರ ಬಳಿ ಸಹಾಯಕಿಯಾಗಿ ಸೇರಿದಳು. ಸಂಜೆ ಕಾಲೇಜಿನಲ್ಲಿ ವಾಣಿಜ್ಯ ಓದುತ್ತ, ಹಗಲು ಅಲ್ಲಿ ಕೆಲಸ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ: ಒಂದರಲ್ಲಿ ಒರಗುವ ಕುರ್ಚಿ, ಮೇಲೊಂದು ದುಂಡು ದೀಪ, ಇನ್ನೊಂದರಲ್ಲಿ ಕಾಯುವವರಿಗೆ ಎರಡು ಬೆಂಚು. ಡಾಕ್ಟರಮ್ಮ ಕೈಚಳಕದಲ್ಲಿ ಗಟ್ಟಿ, ಮಾತಿನಲ್ಲಿ ಬಹಳ ಬಿಗಿ. ದಿನಕ್ಕೆ ಅವರ ಬಾಯಿಂದ ಬರುತ್ತಿದ್ದುದು ಮೂರೇ ಮಾತು. "ಬಾಯಿ ತೆರೀರಿ." "ನೋವಾದ್ರೆ ಕೈ ಎತ್ತಿ." "ಉಗುಳಿ." ಮಿಕ್ಕ ಮಾತೆಲ್ಲ ಅರಳುವಿನ ಪಾಲಿಗೆ ಬಿದ್ದಿತ್ತು. ಎಂಜಲು ಹೀರುವ ಕೊಳವೆಯನ್ನು ರೋಗಿಯ ಬಾಯಿಯ ಮೂಲೆಯಲ್ಲಿ ಹಿಡಿದುಕೊಂಡು, ಅವಳು ಮಳೆಯಿಂದ ಹಿಡಿದು ಮದುವೆಯವರೆಗೆ ಎಲ್ಲವನ್ನೂ ವಿಚಾರಿಸುತ್ತಿದ್ದಳು. ಬಾಯಲ್ಲಿ ಹತ್ತಿ, ಕೊಳವೆ, ಕನ್ನಡಿ ಎಲ್ಲ ತುಂಬಿಕೊಂಡವರು ಏನು ಉತ್ತರ ಕೊಟ್ಟಾರು? ಅವರ ಪರವಾಗಿ ಉತ್ತರವನ್ನೂ ಅವಳೇ ಹೇಳಿ, ಅದಕ್ಕೆ ತಾನೇ ಒಪ್ಪಿ, ಮುಂದಿನ ಪ್ರಶ್ನೆಗೆ ಹೋಗುತ್ತಿದ್ದಳು. ಎಂಟು ವರ್ಷ ಹೀಗೇ ನಡೆಯಿತು.

ಆ ಎಂಟು ವರ್ಷಗಳಲ್ಲಿ ಅವಳು ಮಾಡಿದ ಇನ್ನೊಂದು ಕೆಲಸವನ್ನು ಹೇಳಲೇಬೇಕು. ಮೊದಲು ಅಲ್ಲಿಗೆ ಬಂದವರು ಬೆಂಚಿನ ಮೇಲೆ ಮೂರು ಮೂರು ಗಂಟೆ ಕಾಯುತ್ತಿದ್ದರು. ಅರಳು ಒಂದು ತಿಂಗಳು ಪ್ರತಿಯೊಂದು ಚಿಕಿತ್ಸೆಗೂ ಎಷ್ಟು ಹೊತ್ತು ಬೇಕೆಂದು ಬರೆದಿಟ್ಟಳು. ಹಲ್ಲಿನ ಬೇರಿನ ಚಿಕಿತ್ಸೆಯಂಥ ದೊಡ್ಡ ಕೆಲಸಗಳನ್ನು ಬೆಳಗ್ಗೆಗೆ ಹಾಕಿದಳು. ಒಬ್ಬರಿಗೆ ಜೋಮು ಹಿಡಿಸುವ ಮದ್ದು ಏರುವಷ್ಟರಲ್ಲಿ ಇನ್ನೊಬ್ಬರ ಸಣ್ಣ ಕೆಲಸ ಮುಗಿಯುವಂತೆ ಹೆಣೆದಳು. ಕಾಯುವ ಹೊತ್ತು ಇಪ್ಪತ್ತು ನಿಮಿಷಕ್ಕಿಳಿಯಿತು. ಡಾಕ್ಟರಮ್ಮ ಒಂದು ಮಧ್ಯಾಹ್ನ ಕೈಗವಸು ಕಳಚುತ್ತ, "ನನಗೆ ಹಲ್ಲು ಗೊತ್ತು. ನಡೆಸೋದು ನಿನಗೆ ಗೊತ್ತು. ಹೋಗಿ ಅದನ್ನೇ ಸರಿಯಾಗಿ ಓದು" ಎಂದರು. ಒಂದೇ ಉಸಿರಿಗೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು. ಅರಳು ಅದನ್ನು ಆಜ್ಞೆಯೆಂದೇ ತಿಳಿದು, ದೊಡ್ಡದೊಂದು ಮ್ಯಾನೇಜ್‌ಮೆಂಟ್ ಶಾಲೆಯ ಪ್ರವೇಶ ಪರೀಕ್ಷೆಗೆ ಕೂತಳು. ಪಾಸೂ ಆದಳು.

ಪರೀಕ್ಷೆಯ ನಂತರ ಇದ್ದದ್ದು ಗುಂಪು ಚರ್ಚೆ ಮತ್ತು ಸಂದರ್ಶನ. ಗುಂಪು ಚರ್ಚೆಯೆಂದರೆ ಎಂಟು ಜನರನ್ನು ಒಂದು ಮೇಜಿನ ಸುತ್ತ ಕೂರಿಸಿ, ಒಂದು ವಿಷಯ ಕೊಟ್ಟು, ಹದಿನೈದು ನಿಮಿಷ ಮಾತಾಡಲು ಬಿಟ್ಟು, ಯಾರು ಹೇಗೆ ನಡೆದುಕೊಳ್ಳುತ್ತಾರೆಂದು ಮೇಷ್ಟರುಗಳು ಮೂಲೆಯಲ್ಲಿ ಕೂತು ನೋಡುವುದು. ಮಾತಾಡುವುದೇ ಪರೀಕ್ಷೆ ಎಂದು ಕೇಳಿ ಇಡೀ ಮನೆ ನೆಮ್ಮದಿಯಿಂದ ಮಲಗಿತು. "ಇದಕ್ಕೆ ನೀನು ಓದೋದೇ ಬೇಡ ಕಣೇ" ಎಂದಳು ಅಮ್ಮ.

ಅರಳು ಹೋದಳು. ಮೊದಲು ಬಾಯಿ ತೆರೆದವಳೂ ಅವಳೇ, ಕೊನೆಗೆ ಮುಚ್ಚಿದವಳೂ ಅವಳೇ. ಚರ್ಚೆ ಮುಗಿದ ಮೇಲೆ ಬೆಳ್ಳಿಗೂದಲಿನ ಪ್ರಾಧ್ಯಾಪಕಿಯೊಬ್ಬರು, "ನಿಮ್ಮ ಪಕ್ಕದಲ್ಲಿ ಕೂತಿದ್ದವರು ಏನು ಹೇಳಿದ್ರು?" ಎಂದು ಕೇಳಿದರು.

ಅರಳು ಪ್ರಾಮಾಣಿಕವಾಗಿ ಯೋಚಿಸಿದಳು. "ಅವರು ಏನಾದ್ರೂ ಹೇಳಿದ್ರಾ ಮೇಡಂ?"

ಆ ವರ್ಷ ಅವಳಿಗೆ ಸೀಟು ಸಿಗಲಿಲ್ಲ.

ಅವಳು ಒಂದು ವಾರ ಮುಖ ಊದಿಸಿಕೊಂಡಿದ್ದಳು, ಆಮೇಲೆ ಮತ್ತೆ ಪರೀಕ್ಷೆ ಕಟ್ಟಿದಳು. ಮರುವರ್ಷ ಅದೇ ಶಾಲೆಯಿಂದ ಮತ್ತೆ ಕರೆ ಬಂತು. ಕೈಯಲ್ಲಿ ಇದ್ದದ್ದು ಎರಡು ತಿಂಗಳು. ಈ ಸಲ ಎಡವಬಾರದೆಂದು ತರಬೇತಿ ಕೇಂದ್ರವೊಂದಕ್ಕೆ ಸೇರಿದಳು. ಅಲ್ಲಿನ ಮೇಷ್ಟ್ರು, "ಮೊದಲು ನುಗ್ಗಬೇಕು, ನಡುವೆ ಒಂದು ಅಂಕಿಅಂಶ ಎಸೀಬೇಕು, ಕೊನೆಗೆ ನೀವೇ ಮುಗಿಸಬೇಕು" ಎಂದು ಹೇಳಿಕೊಟ್ಟರು. ಇದನ್ನೆಲ್ಲ ತಾನು ಹೋದ ವರ್ಷವೇ ಮಾಡಿ ಬಂದಿದ್ದೇನಲ್ಲ ಎನಿಸಿ, ಎರಡು ಭಾನುವಾರಕ್ಕೇ ಅರಳು ಅಲ್ಲಿಗೆ ಹೋಗುವುದನ್ನು ಬಿಟ್ಟಳು.

ಅದೇ ಹೊತ್ತಿಗೆ ಆಸ್ಪತ್ರೆಗೆ ಆ ಅಜ್ಜ ಬಂದದ್ದು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಾಯಲ್ಲಿ ಉಳಿದಿದ್ದ ಏಳು ಹಲ್ಲುಗಳನ್ನೂ ಕೀಳಿಸಿ ಪೂರ್ತಿ ಹೊಸ ಸೆಟ್ಟು ಕಟ್ಟಿಸಬೇಕಿತ್ತು. ಕಿತ್ತ ಮೇಲೆ ಒಸಡು ಆರಿ ಗಟ್ಟಿಯಾಗಲು ಬಿಡಬೇಕು, ಆಮೇಲೆ ಅಚ್ಚು ತೆಗೆಯಬೇಕು, ಮೇಣದಲ್ಲಿ ಜೋಡಿಸಿ ನೋಡಬೇಕು. ಹಾಗಾಗಿ ವಾರವಾರವೂ ಅವರು ಬರುವುದೆಂದು ಗೊತ್ತಾಯಿತು.

ಎರಡನೇ ವಾರ ಡಾಕ್ಟರಮ್ಮ ಅವರ ಒಸಡು ನೋಡುತ್ತಿದ್ದರೆ, ಅರಳು ಎಂದಿನಂತೆ ಬಾಣಲೆ ಏರಿಸಿದ್ದಳು. "ಮನೇಲಿ ಎಲ್ಲ ಆರಾಮಾ ಅಜ್ಜ? ಆರಾಮೇ ಇರ್ತಾರೆ ಬಿಡಿ. ಗಂಜಿ ಕುಡೀತಿದ್ದೀರ ತಾನೆ? ಕುಡೀತಿರ್ತೀರ. ಮುಂಚೆ ಏನು ಕೆಲಸದಲ್ಲಿದ್ರಿ? ಮೇಷ್ಟ್ರಾಗಿದ್ರಿ ಅನ್ನಿಸುತ್ತೆ, ನಿಮ್ಮ ಅಂಗಿ ನೋಡಿದ್ರೇ ಗೊತ್ತಾಗುತ್ತೆ."

ಅಜ್ಜ ಮೆಲ್ಲಗೆ ಕೈ ಎತ್ತಿದರು.

ಡಾಕ್ಟರಮ್ಮ ತಟ್ಟನೆ ಕನ್ನಡಿ ಹೊರಗೆ ತೆಗೆದರು. "ನೋವಾ?"

"ಇಲ್ಲ," ಎಂದರು ಅಜ್ಜ. ಹಲ್ಲಿಲ್ಲದ ಬಾಯಿಯಲ್ಲಿ ಒಂದೊಂದು ಅಕ್ಷರವೂ ಜಾರಿ ಜಾರಿ ಹೊರಬಂತು. "ನಾನು ಮಾತಾಡಬೇಕು."

ಡಾಕ್ಟರಮ್ಮ ಮುಖಗವಸಿನೊಳಗೇ ಕಿಸಕ್ಕನೆ ನಕ್ಕುಬಿಟ್ಟರು. ಅವರು ನಕ್ಕದ್ದನ್ನು ಅರಳು ಅದುವರೆಗೆ ಕಂಡಿರಲಿಲ್ಲ. ಅವಳ ಕಿವಿ ಕೆಂಪಾಯಿತು. ಅಜ್ಜ ನಿಧಾನವಾಗಿ, ತುಟಿಗಳನ್ನೇ ಒತ್ತಿ ಒತ್ತಿ ಮಾತು ಜೋಡಿಸುತ್ತ ಹೇಳಿದರು: ತಾವು ಮೇಷ್ಟ್ರಲ್ಲ, ಮೂವತ್ತನಾಲ್ಕು ವರ್ಷ ಕಾರ್ಖಾನೆಗಳ ಮಾಲೀಕರಿಗೂ ಕಾರ್ಮಿಕರಿಗೂ ನಡುವೆ ಕೂತು ರಾಜಿ ಮಾಡಿಸುವ ಅಧಿಕಾರಿಯಾಗಿದ್ದವರು. ಒಂದೇ ಮೇಜಿನ ಎರಡು ಕಡೆಯ ಬೈಗುಳ ಕೇಳಿ ಕೇಳಿಯೇ ಕೂದಲು ನರೆಸಿಕೊಂಡವರು.

ಅರಳು ಕೊಳವೆಯನ್ನು ಕೊಕ್ಕೆಗೆ ಸಿಕ್ಕಿಸಿದಳು. "ಅಜ್ಜ, ಹಾಗಾದ್ರೆ ನಿಮಗೆ ಗುಂಪು ಚರ್ಚೆ ಗೊತ್ತಾ?"

ತನ್ನ ಕಥೆಯನ್ನೆಲ್ಲ ಹೇಳಿಕೊಂಡಳು. ಪಕ್ಕದವರು ಏನಾದರೂ ಹೇಳಿದರಾ ಎಂದು ತಾನು ಕೇಳಿದ್ದನ್ನೂ ಮುಚ್ಚಿಡಲಿಲ್ಲ. ಅಜ್ಜನ ಹೊಟ್ಟೆ ಅಲುಗಿದ್ದು ಅಂಗಿಯ ಮೇಲೂ ಕಂಡಿತು.

"ನಮ್ಮ ಮೇಜಿನ ಹತ್ರ ಒಂದೇ ನಿಯಮ ಇತ್ತಮ್ಮ," ಎಂದರು. "ಎದುರಿನವನು ಹೇಳಿದ್ದನ್ನ ಮೊದಲು ನೀನು ತಿರುಗಿ ಹೇಳಬೇಕು. 'ಹೌದು, ನಾನು ಹೇಳಿದ್ದು ಅದೇ' ಅಂತ ಅವನು ಒಪ್ಪಿದ ಮೇಲೆ ನಿನ್ನ ಸರದಿ. ಅವನು ಒಪ್ಪೋವರೆಗೂ ನಿನಗೆ ಬಾಯಿಲ್ಲ. ಅರ್ಧ ಜಗಳ ಅಲ್ಲೇ ಮುಗೀತಿತ್ತು. ಉಳಿದರ್ಧಕ್ಕೆ ಚಹಾ ತರಿಸ್ತಿದ್ವಿ."

ಅಷ್ಟು ಹೇಳಲು ಅವರಿಗೆ ಹಲ್ಲಿದ್ದವರ ಎರಡರಷ್ಟು ಹೊತ್ತು ಹಿಡಿಯಿತು. ನಡುವೆ ಮೂರು ಸಲ ಅರಳುವಿನ ನಾಲಿಗೆ ತುದಿಯವರೆಗೆ ಮಾತು ಬಂದಿತ್ತು. ಅವಳು ನುಂಗಿಕೊಂಡಳು.

ಆ ವಾರದಿಂದಲೇ ಅಭ್ಯಾಸ ಶುರುವಾಯಿತು. ಸಂಜೆ ನಾಲ್ಕಕ್ಕೆ, ಜೋಮಿನ ಮದ್ದು ಹಾಕಿಸಿಕೊಂಡು ಅದು ಏರಲೆಂದು ಬೆಂಚಿನ ಮೇಲೆ ಕೂತವರೇ ಎದುರಾಳಿಗಳು. ಅಜ್ಜ ತಮ್ಮ ಸರದಿ ಇಲ್ಲದ ದಿನವೂ ಬಂದು ಮೂಲೆಯ ಕುರ್ಚಿಯಲ್ಲಿ ಗಡಿಯಾರ ಹಿಡಿದು ಕೂರತೊಡಗಿದರು. ಮೊದಲ ದಿನ ಸಿಕ್ಕವರು ಒಬ್ಬ ಬಸ್ ಡ್ರೈವರ್ ಮತ್ತು ಒಬ್ಬ ಗಣಿತದ ಟೀಚರ್. ವಿಷಯ: ಊರಿನ ಬಸ್ಸು ಎಲ್ಲರಿಗೂ ಉಚಿತವಾಗಬೇಕೇ?

ಉಚಿತವಾಗಲೇಬೇಕು ಎಂದರು ಟೀಚರ್, ನಾಲ್ಕು ಕಾರಣ ಕೊಟ್ಟರು. ಡ್ರೈವರನ ಕೆಳತುಟಿ ಆಗಲೇ ಜೋಮು ಹಿಡಿದು ಒಂದು ಕಡೆಗೆ ಜೋತುಬಿದ್ದಿತ್ತು. ಅವನು ಏನೋ ಹೇಳಿದ.

"ನಿಮಗೆ ಸಂಬಳ ಬರಲ್ಲ ಅಂತ ಭಯ," ಎಂದಳು ಅರಳು.

ಡ್ರೈವರ್ ತಲೆಯಾಡಿಸಿದ. ಅಲ್ಲವಂತೆ. ಮತ್ತೆ ಹೇಳಿದ.

"ಬಸ್ಸು ತುಂಬಿಹೋಗುತ್ತೆ ಅಂತೀರಾ?"

ಅದೂ ಅಲ್ಲ. ಅಜ್ಜ ಮೂಲೆಯಿಂದ ಬೆರಳೆತ್ತಿ, "ನೀನು ಊಹಿಸಬೇಡ, ಕೇಳು" ಎಂದರು. ಅರಳು ಬೆಂಚಿನ ತುದಿಗೆ ಸರಿದು, ಡ್ರೈವರನ ತುಟಿಯನ್ನೇ ನೋಡುತ್ತ ಕೂತಳು. ಮೂರನೆಯ ಸಲಕ್ಕೆ ಅವನ ಮಾತು ಅವಳ ಕಿವಿಯೊಳಗೆ ಬಂತು.

"ಟಿಕೆಟ್ ಕೊಟ್ರೇನೇ ಯಾರು ಎಲ್ಲಿ ಹತ್ತಿದ್ರು, ಎಲ್ಲಿ ಇಳಿದ್ರು ಅಂತ ಗೊತ್ತಾಗೋದು. ಟಿಕೆಟ್ಟೇ ಇಲ್ಲ ಅಂದ್ರೆ ಯಾವ ದಾರಿಗೆ ಇನ್ನೊಂದು ಬಸ್ ಬೇಕು ಅಂತ ಮೇಲಿನವರಿಗೆ ಗೊತ್ತೇ ಆಗಲ್ಲ. ಪುಕ್ಕಟೆ ಕೊಡಲಿ, ಆದರೆ ಟಿಕೆಟ್ ಹರಿದು ಕೊಡಲಿ. ಇದೇ ತಾನೆ ನೀವು ಹೇಳಿದ್ದು?"

"ಹೌದು," ಎಂದ ಡ್ರೈವರ್. ಅವನ ಅರ್ಧ ಮುಖ ಮಾತ್ರ ನಕ್ಕಿತು.

ಅರಳು ತನ್ನ ಸರದಿಯನ್ನೇ ಮರೆತು ಕೂತಳು. ಇಂಥದೊಂದು ಯೋಚನೆ ತನ್ನ ತಲೆಗೆ ಸಾವಿರ ವರ್ಷಕ್ಕೂ ಹೊಳೆಯುತ್ತಿರಲಿಲ್ಲ. ಆರು ವರ್ಷದಿಂದ ಈ ಡ್ರೈವರ್ ಇಲ್ಲಿಗೆ ಬರುತ್ತಿದ್ದ. ಅವನು ಹೋದ ಮೇಲೆ ಅಜ್ಜನ ಹತ್ತಿರ, "ಇಷ್ಟು ವರ್ಷ ಇಂಥ ಮಾತುಗಳಿಗೆಲ್ಲ ನಾನೇ ಕೈಯಾರೆ ಹತ್ತಿ ತುರುಕಿದ್ದೀನಲ್ಲ ಅಜ್ಜ" ಎಂದಳು.

"ಹತ್ತಿ ತುರುಕೋದು ನಿನ್ನ ಕೆಲಸ," ಎಂದರು ಅಜ್ಜ. "ತೆಗೆದ ಮೇಲೆ ಒಂದು ನಿಮಿಷ ನಿಲ್ಲು, ಅಷ್ಟು ಸಾಕು."

ಅವಳು ನಿಂತಳು. ಬಾಯಿ ಮುಕ್ಕಳಿಸಿ ಎದ್ದವರ ಹತ್ತಿರ ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುವುದನ್ನು ರೂಢಿ ಮಾಡಿಕೊಂಡಳು. ಮೊದಮೊದಲು ಆ ಸುಮ್ಮನಿರುವಿಕೆ ಅವಳಿಗೆ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಹದಿನೈದು ದಿನಕ್ಕೆ ಸಡಿಲವಾಯಿತು. ಬೆಂಚಿನ ಚರ್ಚೆಯ ಸುದ್ದಿ ಹಬ್ಬಿ, ಹಲ್ಲು ನೋಯದವರೂ ನಾಲ್ಕು ಗಂಟೆಗೆ ಮೆಟ್ಟಿಲು ಹತ್ತಿ ಬರತೊಡಗಿದರು. ಕೆಳಗಿನ ಕನ್ನಡಕದ ಅಂಗಡಿಯವನಂತೂ ಅಂಗಡಿಗೆ ಬೀಗ ಹಾಕಿ ಬಂದು, ಯಾವ ವಿಷಯ ಕೊಟ್ಟರೂ ವಿರುದ್ಧವೇ ಮಾತಾಡುತ್ತಿದ್ದ. ಡಾಕ್ಟರಮ್ಮ ಬೈಯಲಿಲ್ಲ. ಬಾಗಿಲು ಅರ್ಧ ತೆರೆದಿಟ್ಟು ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದರು.

ಮನೆಯಲ್ಲಿ ಮಾತ್ರ ಗಲಿಬಿಲಿಯಾಯಿತು. ಊಟದ ಹೊತ್ತಿನಲ್ಲಿ ಅರಳು ಬಾಯಿ ಮುಚ್ಚಿಕೊಂಡು ಒಬ್ಬೊಬ್ಬರ ಮುಖವನ್ನೇ ನೋಡುತ್ತ ಕೂತರೆ ಯಾರಿಗೆ ಹೆದರಿಕೆಯಾಗದು? ಮೂರನೆಯ ದಿನ ಅಮ್ಮ ಅವಳ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ. ಏನೇ ಆಯ್ತು ನಿನಗೆ?"

"ಯಾರೋ ಹುಡುಗ ಇರಬೇಕು," ಎಂದ ಅಪ್ಪ. "ಹೇಳಮ್ಮ, ನಾನೇನೂ ಅನ್ನಲ್ಲ."

"ಹುಡುಗನೂ ಇಲ್ಲ, ಏನೂ ಇಲ್ಲ. ನೀವು ಹೇಳಿ ಅಪ್ಪ, ಇವತ್ತು ಕೆಲಸ ಹೇಗಾಯ್ತು?"

ಅಪ್ಪ ಎಂದಿನಂತೆ ಶುರು ಮಾಡಿದ. ಆರನೇ ಮಹಡಿಗೂ ಏಳಕ್ಕೂ ನಡುವೆ ಒಬ್ಬರು ಹೆಂಗಸು ಸಿಕ್ಕಿಕೊಂಡಿದ್ದರು, ಅವರಿಗೆ ಧೈರ್ಯ ಹೇಳುತ್ತ ಹೇಳುತ್ತ ಬಾಗಿಲು ತೆಗೆದೆ ಎಂದ. ಯಾರೂ ನಡುವೆ ಬಾಯಿ ಹಾಕದ್ದರಿಂದ ಅವನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತ ಇನ್ನೊಂದು ಮಾತು ಸೇರಿಸಿದ: "ನಿಜ ಹೇಳಬೇಕು ಅಂದ್ರೆ, ಧೈರ್ಯ ಹೇಳೋದು ಅವರಿಗಲ್ಲ. ಆ ಕತ್ತಲೆ ಗುಂಡಿಯೊಳಗೆ ಇಳಿದ್ರೆ ನನಗೇ ಎದೆ ಡವಡವ ಅನ್ನುತ್ತೆ. ಅದಕ್ಕೇ ಮಾತಾಡ್ತೀನಿ."

ಅಮ್ಮನ ಕೈ ತುತ್ತಿನ ಜೊತೆ ಅರ್ಧದಲ್ಲೇ ನಿಂತಿತು. "ಮೂವತ್ತು ವರ್ಷ ಆಯ್ತು ಮದುವೆಯಾಗಿ. ನನಗೆ ಹೇಳಲೇ ಇಲ್ವಲ್ಲ ನೀವು."

"ಹೇಳಿದ್ದೆ ಅನ್ನಿಸುತ್ತೆ," ಎಂದ ಅಪ್ಪ. "ಯಂತ್ರ ಓಡ್ತಿತ್ತು."

ಮೂವರಿಗೂ ನಗು ಉಕ್ಕಿ ಬಂತು. ಅಂದಿನ ಊಟ ಒಂದೂವರೆ ಗಂಟೆ ನಡೆಯಿತು, ಸರದಿಯ ಮೇಲೆ.

ಚರ್ಚೆಗೆ ಒಂದು ವಾರವಿದೆ ಎನ್ನುವಾಗ ಅಜ್ಜನ ಹಲ್ಲಿನ ಸೆಟ್ಟು ತಯಾರಾಗಿ ಬಂತು. ಡಾಕ್ಟರಮ್ಮ ಅದನ್ನು ಕೂರಿಸಿ, ಅಲ್ಲಲ್ಲಿ ಉಜ್ಜಿ ಸರಿಮಾಡಿ, ಕನ್ನಡಿ ಕೊಟ್ಟರು. ಅಜ್ಜ ಒಮ್ಮೆ ಬಾಯಿ ಮುಚ್ಚಿದರು, ತೆರೆದರು. "ಸರಸ್ವತಿ. ಸಂತೋಷ. ಸಾಸಿವೆ," ಎಂದು ಹೇಳಿ ನೋಡಿಕೊಂಡರು. ಒಂದೂ ಜಾರಲಿಲ್ಲ. ಆಮೇಲೆ ಶುರುವಾಯಿತು. ಬಣ್ಣದ ಕಾರ್ಖಾನೆಯ ಹನ್ನೊಂದು ದಿನದ ಮುಷ್ಕರದಿಂದ ಹಿಡಿದು, ತಮ್ಮ ಹೆಂಡತಿ ರೇಗಿದಾಗ ತಾವು ಪಾಲಿಸುವ ನಿಯಮಗಳವರೆಗೆ, ಅಜ್ಜ ನಲವತ್ತು ನಿಮಿಷ ಉಸಿರು ಬಿಡದೆ ಮಾತಾಡಿದರು. ಆ ತಾಳ್ಮೆಯ, ಅಳೆದು ತೂಗಿ ಮಾತಾಡುವ ಅಜ್ಜ ಬೆಂಚಿನ ಮೇಲೆ ಕೂತವರ ಕಣ್ಣೆದುರೇ ಮಾಯವಾಗಿ, ಅರಳುವಿಗೆ ಸರಿಸಾಟಿಯಾದ ಇನ್ನೊಂದು ಬಾಣಲೆ ಎದ್ದು ನಿಂತಿತ್ತು. ಅರಳು ಕದಲಲಿಲ್ಲ. ಅವರು ಮುಗಿಸಿದ ಮೇಲೆ, ಹೇಳಿದ್ದನ್ನೆಲ್ಲ ಆರು ವಾಕ್ಯದಲ್ಲಿ ತಿರುಗಿ ಹೇಳಿ, "ಇದೇ ತಾನೆ ಅಜ್ಜ?" ಎಂದಳು.

"ಹೌದು, ಅದೇ," ಎಂದರು ಅಜ್ಜ, ಹೊಸ ಹಲ್ಲು ತೋರಿಸುತ್ತ. "ನನ್ನನ್ನೇ ಸಹಿಸಿಕೊಂಡ ಮೇಲೆ ನಿನಗೆ ಕಲಿಸೋದು ಏನೂ ಉಳಿದಿಲ್ಲ. ಹೋಗಿ ಬಾ."

ಚರ್ಚೆಯ ಕೋಣೆಯಲ್ಲಿ ಉದ್ದನೆಯ ಮೇಜು, ಎಂಟು ನೀರಿನ ಬಾಟಲಿ, ಎಂಟು ಅಂಕಿಯ ಚೀಟಿ. ಅರಳುವಿನದು ಏಳು. ಕೊಟ್ಟ ವಿಷಯ: ಎಲ್ಲ ಅಂಗಡಿಗಳೂ ವಾರಕ್ಕೊಂದು ದಿನ ಕಡ್ಡಾಯವಾಗಿ ಮುಚ್ಚಬೇಕೇ? ಗಂಟೆ ಬಾರಿಸಿದ್ದೇ ನೀಲಿ ಟೈ ಕಟ್ಟಿದ್ದ ಎರಡನೇ ನಂಬರಿನವನು ನುಗ್ಗಿದ. ಕೆಲಸದವರಿಗೂ ಮೈಯಿದೆ, ಮನೆಯಿದೆ, ಮುಚ್ಚಲೇಬೇಕು ಎಂದ. ಐದನೇ ನಂಬರಿನವಳು ಅವನ ಮೇಲೇ ಬಿದ್ದಳು. ವಾರವೆಲ್ಲ ದುಡಿಯುವವರಿಗೆ ಕೊಳ್ಳಲು ಸಿಗುವುದು ಅದೊಂದೇ ದಿನ, ಮುಚ್ಚಿದರೆ ಅವರು ಎಲ್ಲಿಗೆ ಹೋಗಬೇಕು ಎಂದಳು. ಮಿಕ್ಕವರು ಒಬ್ಬೊಬ್ಬರಾಗಿ ಎರಡು ಕಡೆಗೂ ಸೇರಿಕೊಂಡರು. ಮೂರು ನಿಮಿಷಕ್ಕೆ ಆ ಕೋಣೆ ಅರಳುವಿನ ಮನೆಯ ಊಟದ ಹೊತ್ತನ್ನೂ ಮೀರಿಸಿತು. ಎಂಟನೇ ನಂಬರಿನ, ಜಡೆ ಹೆಣೆದುಕೊಂಡಿದ್ದ ಹುಡುಗಿ ನಡುವೆ ಒಂದು ವಾಕ್ಯ ಹೇಳಿದಳು. ಅದು ಗದ್ದಲದಲ್ಲಿ ಮುಳುಗಿಹೋಯಿತು. ಅರಳುವಿಗೆ ಮಾತ್ರ ಕೇಳಿಸಿತು.

ಒಂಬತ್ತನೇ ನಿಮಿಷಕ್ಕೆ ಎಲ್ಲರಿಗೂ ಗಂಟಲು ಒಣಗಿ, ನಾಲ್ಕು ಕೈಗಳು ಒಟ್ಟಿಗೆ ನೀರಿನ ಬಾಟಲಿಗೆ ಹೋದವು. ಆ ಸಂದಿನಲ್ಲಿ ಅರಳು ಬಾಯಿ ತೆರೆದಳು.

"ಎರಡನೇ ನಂಬರಿನವರೇ, ಕೆಲಸ ಮಾಡೋರಿಗೆ ವಾರಕ್ಕೊಂದು ದಿನ ಖಂಡಿತ ಬಿಡುವು ಸಿಗಲೇಬೇಕು ಅನ್ನೋದು ನಿಮ್ಮ ಮಾತು. ಸರಿಯಾ?"

ಅವನು ನೀರು ನುಂಗಿ, "ಹೌದು, ಅದೇ" ಎಂದ.

"ಐದನೇ ನಂಬರಿನವರೇ, ರಜೆ ಇರೋ ದಿನ ಜನಕ್ಕೆ ಅಂಗಡಿ ತೆರೆದಿರಬೇಕು ಅನ್ನೋದು ನಿಮ್ಮದು."

"ಹೌದು."

"ಹಾಗಾದ್ರೆ ನಿಮ್ಮಿಬ್ಬರ ಜಗಳ ಮುಚ್ಚೋದ್ರ ಬಗ್ಗೆ ಅಲ್ಲ, ಎಲ್ಲರೂ ಒಂದೇ ದಿನ ಮುಚ್ಚೋದ್ರ ಬಗ್ಗೆ. ಎಂಟನೇ ನಂಬರಿನವರು ಆಗಲೇ ಅದಕ್ಕೊಂದು ದಾರಿ ಹೇಳಿದ್ರು, ಗದ್ದಲದಲ್ಲಿ ಎಲ್ಲರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳ್ತೀರಾ?"

ಜಡೆಯ ಹುಡುಗಿ ಹೇಳಿದಳು. ಬೀದಿಗೊಂದು ಸರದಿ ಮಾಡಿ, ಒಂದೊಂದು ಅಂಗಡಿ ಒಂದೊಂದು ದಿನ ಮುಚ್ಚಿದರಾಯಿತು ಎಂದಳು. ನೀಲಿ ಟೈ ತನ್ನ ಹಾಳೆ ತಿರುಗಿಸಿ ವಾರದ ಏಳು ದಿನಕ್ಕೆ ಏಳು ಮನೆ ಗೀಚಿದ. ಔಷಧಿ ಅಂಗಡಿ ಏನು ಮಾಡಬೇಕು, ಒಬ್ಬನೇ ನಡೆಸುವ ಸಣ್ಣ ಅಂಗಡಿ ಏನು ಮಾಡಬೇಕು ಎಂದು ಎಂಟೂ ತಲೆಗಳು ಹಾಳೆಯ ಮೇಲೆ ಬಾಗಿದವು. ಮುಗಿಸುವ ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ, ಎರಡನೇ ಸಲ ಬಾರಿಸಬೇಕಾಯಿತು.

ಹೊರಗೆ ಬಂದ ಮೇಲೆ ಅರಳು ಮೆಟ್ಟಿಲ ಮೇಲೆ ಕೂತಳು. ಅಮ್ಮನಿಗೆ ಫೋನು ಮಾಡಿದಳು.

"ಎಷ್ಟು ಹೊತ್ತು ಮಾತಾಡಿದೆ?" ಎಂದಳು ಅಮ್ಮ.

"ಒಂದು ನಿಮಿಷ ಇರಬಹುದು."

ಆ ಕಡೆ ಯಂತ್ರವೂ ನಿಂತಿತು, ಅಮ್ಮನೂ ನಿಂತಳು.

ಸಂದರ್ಶನದ ಕೋಣೆಯಲ್ಲಿ ಅದೇ ಬೆಳ್ಳಿಗೂದಲಿನ ಪ್ರಾಧ್ಯಾಪಕಿ, ಜೊತೆಗೆ ಇಬ್ಬರು ಗಂಡಸರು ಇದ್ದರು. "ಹೋದ ವರ್ಷ ನೀವು ಪಕ್ಕದವರು ಮಾತಾಡಿದ್ದೇ ಗೊತ್ತಿಲ್ಲ ಅಂದಿದ್ರಿ," ಎಂದರು ಅವರು. "ಈ ವರ್ಷ ಇಡೀ ಮೇಜು ಏನು ಹೇಳಿತು ಅಂತ ನಿಮಗೆ ಗೊತ್ತಿತ್ತು. ನಡುವೆ ಏನಾಯ್ತು?"

ಕೇಳಿದ್ದೇ ತಡ, ಅರಳು ಸಿಡಿದಳು. ಅಜ್ಜನ ಒಸಡು, ಡ್ರೈವರನ ತುಟಿ, ಕಾಯುವ ಹೊತ್ತನ್ನು ಇಳಿಸಿದ ಬಗೆ, ಹಲ್ಲಿನ ಕುರ್ಚಿಯೊಂದನ್ನು ವ್ಯಾನಿಗೆ ಹಾಕಿಕೊಂಡು ಕಾರ್ಖಾನೆಗಳ ಬಾಗಿಲಿಗೇ ಹೋಗಬೇಕೆಂಬ ತನ್ನ ಆಸೆ, ಎಲ್ಲವೂ ಬಂದವು. ಏಳೆಂಟು ನಿಮಿಷವಾದ ಮೇಲೆ ಅವಳಿಗೇ ಎಚ್ಚರವಾಗಿ ನಾಲಿಗೆ ಕಚ್ಚಿಕೊಂಡಳು. "ಕ್ಷಮಿಸಿ. ನಾನು ಜಾಸ್ತಿ ಮಾತಾಡಿಬಿಟ್ಟೆ."

"ಇದು ಸಂದರ್ಶನ," ಎಂದರು ಪ್ರಾಧ್ಯಾಪಕಿ. "ಇಲ್ಲಿ ಮಾತಾಡಬೇಕಾದವರು ನೀವೇ."

ಅದುವರೆಗೆ ಸುಮ್ಮನಿದ್ದ ದಪ್ಪ ಮೀಸೆಯ ಮೇಷ್ಟ್ರು ಆಗ ಮುಂದಕ್ಕೆ ಬಾಗಿದರು. ತನ್ನ ಬುದ್ಧಿಗೆ ಸವಾಲು ಬಂತೆಂದು ಅರಳು ನೆಟ್ಟಗೆ ಕೂತಳು. "ನನಗೆ ತಣ್ಣೀರು ಕುಡಿದ್ರೆ ಇಲ್ಲಿ, ಬಲಗಡೆ, ಜುಮ್ ಅನ್ನುತ್ತಲ್ಲ," ಎಂದರು ಅವರು ದವಡೆ ಹಿಡಿದುಕೊಂಡು, "ಅದಕ್ಕೆ ಏನು ಮಾಡೋದು?"

"ಎಷ್ಟು ದಿನದಿಂದ ಸರ್?" ಎಂದು ಕೇಳಿ ಅರಳು ಉತ್ತರಕ್ಕೆ ಕಾದಳು.

ಹನ್ನೆರಡು ದಿನಕ್ಕೆ, ಬೆಳಗಿನ ಹನ್ನೊಂದರ ಹೊತ್ತಿಗೆ, ಫೋನಿಗೆ ಶಾಲೆಯ ಸಂದೇಶ ಬಂತು. ಅರಳುವಿನ ಎರಡೂ ಕೈ ಹಲ್ಲಿನ ಅಚ್ಚು ತೆಗೆಯುವ ಹಿಟ್ಟಿನಲ್ಲಿದ್ದವು. ಡಾಕ್ಟರಮ್ಮನೇ ಕೈಗವಸು ಕಳಚಿ, ಫೋನನ್ನು ದೂರ ಹಿಡಿದು ಓದಿದರು. ಎರಡನೇ ಸಲವೂ ಓದಿದರು. ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದ ಗಣಿತದ ಟೀಚರ್ ಕೈ ಎತ್ತಿದರು.

"ನೋವಾ?"

"ಇಲ್ಲ, ಸೀಟು ಸಿಕ್ತಾ ಅಂತ," ಎಂದರು ಟೀಚರ್.

"ಸಿಕ್ತು," ಎಂದರು ಡಾಕ್ಟರಮ್ಮ. ಬೆಂಚಿನ ಮೇಲಿನವರು ಎದ್ದು ಬಾಗಿಲಲ್ಲಿ ಗುಂಪುಗೂಡಿದರು. ಯಾರೋ ಕೆಳಗೆ ಓಡಿ ಕನ್ನಡಕದ ಅಂಗಡಿಯವನನ್ನು ಕರೆತಂದರು. ಅವನು ಇದೊಂದಕ್ಕೆ ವಿರುದ್ಧ ಮಾತಾಡಲಿಲ್ಲ. ಡಾಕ್ಟರಮ್ಮ ಟೀಚರರ ಹಲ್ಲಿನ ಕೆಲಸ ಮುಗಿಸಿದವರೇ ಬಿಳಿ ಕೋಟು ಕಳಚಿ ಗೂಟಕ್ಕೆ ಹಾಕಿ, "ಎಲ್ಲರೂ ಬನ್ನಿ" ಎಂದರು. ಎಲ್ಲಿಗೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಬೀದಿ ದಾಟಿ ಅವರು ನೇರವಾಗಿ ಐಸ್ ಕ್ರೀಂ ಅಂಗಡಿಗೆ ನಡೆದರು. ಅರಳು ನಡುಬೀದಿಯಲ್ಲೇ ನಿಂತುಬಿಟ್ಟಳು. "ಡಾಕ್ಟ್ರೇ, ನೀವೇ ಅಲ್ವಾ ಇದನ್ನ ತಿನ್ನಬೇಡಿ ಅಂತ ದಿನಾ ಹೇಳೋದು?"

"ನಾಳೆ ಹೇಳ್ತೀನಿ," ಎಂದರು ಡಾಕ್ಟರಮ್ಮ.

ಒಂಬತ್ತು ಜನ ಕಾಲುದಾರಿಯ ಕಟ್ಟೆಯ ಮೇಲೆ ಸಾಲಾಗಿ ಕೂತು ತಿಂದರು. ಜೋಮು ಹಿಡಿದ ಕೆನ್ನೆಯ ಟೀಚರ್ ಎಡಗಡೆಯಿಂದ ತಿನ್ನುತ್ತಿದ್ದರು, ಗಲ್ಲದ ಮೇಲೆ ಸುರಿದದ್ದು ಅವರಿಗೆ ತಿಳಿಯಲೇ ಇಲ್ಲ. ಅರಳು ಕರವಸ್ತ್ರ ಚಾಚಿದಳು. ಡಾಕ್ಟರಮ್ಮ ಕಡ್ಡಿಯನ್ನೂ ಚೀಪಿ ಮುಗಿಸಿ, ಅತ್ತಿತ್ತ ನೋಡಿ, ಅಂಗಡಿಯವನಿಗೆ ಇನ್ನೊಂದು ಕೊಡುವಂತೆ ಬೆರಳು ತೋರಿಸಿದರು.